ಕೆಳಗಿನ ಹಲಗಿ

ವಾಡಿ, ೧೧ ಮಾರ್ಚ್ ೧೯೪೫

ಕುರಕುಂಟಾ ಮಹಾದೇವಮ್ಮ ಬಾಯಾರಿಗಿ ಪಿಯಾನೋ ಭೀಮಶಾನ ಶರಣು.

ನಾ ಛಲೋ ಅದೀನಿ. ನನ್ನ ಹೆಂಡತಿ ಹಣಮಮ್ಮ ನನಕಿಂತ ಛಲೋ ಅದಾಳ, ಯಾಕಂದ್ರ ನಾ ಹದಿನೈದು ದಿನ ಮನ್ಯಾಗ ಇರಲಿಲ್ಲ. ಶಹಾಬಾದ ಕ್ಲಬ್ಬಿನ ಪಿಯಾನೋದಾಗ ಯಾರೋ ಸಾಹೇಬ ಶರಬತ್ತು ಚೆಲ್ಲಿದ್ದ. ಒಂದು ಪಟ್ಟಿ ಒತ್ತಿದ್ರ ಬಾಜೂಕಿನ ನಾಕು ಪಟ್ಟಿ ಕೂಡೇ ಕುಂದ್ರಾಕತ್ತಿದ್ವು, ಬೀಗರ ಪಂಗತಿಯಾಗ ಕುಂತಾಂಗ. ಬಿಸಿ ನೀರಿನ ಅರವಿಲೆ ಒಂದೊಂದೇ ಒರಸಿ ಎಬ್ಬಿಸಿ ಬಂದೀನಿ.

ಈಗ ನಿಮ್ಮ ಪಿಯಾನೋಕ್ಕ ಸೂರ ಹಚ್ಚೋ ಪಾಳಿ. ವರ್ಷಕ್ಕ ಎರಡು ಸಲ, ಬ್ಯಾಸಿಗಿ ಹತ್ತೂಕಿಂತ ಮೊದಲ ಒಂದು, ಮಳಿ ಬಿಟ್ಟ ಮ್ಯಾಲ ಒಂದು. ಇದು ನಿಮ್ಮ ಮಾಲಕರು ಕಲ್ಯಾಣಪ್ಪನವರು ಇದ್ದಾಗ ಹಾಕಿ ಕೊಟ್ಟ ಪದ್ಧತಿ. ವಾಡಿ ಇಂಜಿನ್ ಸಾಹೇಬ ವಿಲಾಯತಿಗಿ ಹೋಗೋ ಮುಂದ ಆ ಪಿಯಾನೋ ಅವರಿಗಿ ಬಿಟ್ಟು ಹೋದ. ಕುರಕುಂಟಾದ ತನಕ ಗಾಡಿ ಮ್ಯಾಲ ಅದನ್ನ ತಬ್ಬಿಕೊಂಡು ಕುಂತಾವ ನಾನೇ. ಹಾದಿ ಮಂದಿ, "ಹೊಸಾ ಸೊಸೀನೇನ್ರಿ" ಅಂತ ಕೇಳಿದ್ರು. "ಹೌದು, ಇನ್ನೂರು ತಂತಿ ಅದಾವ, ಎಲ್ಲಾವೂ ಮಾತಾಡ್ತಾವ" ಅಂದಿದ್ದೆ. ಮಾಲಕರು ತೀರಿ ಹೋಗಿ ಮೂರು ವರ್ಷ ಆದ್ರೂ ನಾ ಒಂದು ಪಾಳಿ ತಪ್ಪಿಸಿಲ್ಲ. ಕೆಳಗಿನ ಹಲಗಿ ತಗದು ಒಳಮೈ ನೋಡ್ರಿ. ಪ್ರತಿ ಸಲ ಕೆಲಸ ಮುಗದ ಮ್ಯಾಲ ಪೆನ್ಸಿಲ್ಲಿಲೆ ತಾರೀಖು ಹಾಕಿ ಸಹಿ ಮಾಡೀನಿ, ಇಪ್ಪತ್ತೊಂದು ಅದಾವ. ನಮ್ಮ ಧಂದೇದ ರಿವಾಜು ಅದು. ಸಹಿ ಮಾಡಲಾರದ ಟ್ಯೂನರ ಇಲ್ಲ.

೨೫ಕ್ಕ ಮುಂಜಾನಿ ಪ್ಯಾಸೆಂಜರಿಗಿ ಬರ್ತೀನಿ. ಪಿಯಾನೋದ ಒಳಗ ಇಡೋ ಅಗಲ ಬಾಯಿ ಗಡಗಿಗಿ ನೀರು ತುಂಬಿ ಇಟ್ಟೀರಿ ಅಂತ ತಿಳಕೊಂಡೀನಿ. ಬ್ಯಾಸಿಗಿ ಝಳಕ್ಕ ಕಟ್ಟಿಗಿ ಬಾಯಿ ಬಿಡಬಾರ್ದು.

ನಿಮ್ಮ
ಭೀಮಶಾ


ಕುರಕುಂಟಾ, ೧೭ ಮಾರ್ಚ್ ೧೯೪೫

ಭೀಮಶಾನಿಗಿ ಮಹಾದೇವಮ್ಮನ ಆಶೀರ್ವಾದ.

ಕಾಗದ ಮುಟ್ಟಿತು. ಈ ಸಲ ಬರೋದು ಬ್ಯಾಡ. ನೀಲಾಬಾಯಿ ಸೇಡಂಗ ಗಂಡನ ಮನಿಗಿ ಹೋದ ಮ್ಯಾಲ ಬಾರಿಸೋರು ಯಾರೂ ಇಲ್ಲ. ಪಿಯಾನೋ ಬರೋಬ್ಬರಿ ಅದ. ಬೇಕಾದಾಗ ನಾನೇ ಬರೀತೀನಿ. ಅಲ್ಲಿ ತನಕ ನೀ ಬರೋದೂ ಬ್ಯಾಡ, ಯಾರ್ನೂ ಕಳಸೋದೂ ಬ್ಯಾಡ.

ನಿನ್ನ ಗಡಗಿ ಒಡದದ.

ಮಹಾದೇವಮ್ಮ


ಕುರಕುಂಟಾ, ೧೯ ಮಾರ್ಚ್ ೧೯೪೫
(ಕೆಳಗಿನ ಓಣಿ ರತ್ನಾಬಾಯಿ ಕೈಯಾಗ ಸೇಡಂಗ)

ನನ್ನ ನೀಲಾಗ,

ಓದಿ ಒಲಿಗಿ ಹಾಕು. ಟಪಾಲಿನಾಗ ಹಾಕಲಾರದ್ದು ಅದಕ್ಕೇ.

ಈ ವರ್ಷ ಸರಕಾರಕ್ಕ ಕಾಳು ವಸೂಲಿ ಮಾಡೋ ಲೆವ್ಹಿಯವರು ಬಿಡಾಂಗ ಕಾಣಾಂಗಿಲ್ಲ. ಕಾಳು ಹುಗಿಯೋ ಹಗೇವಿನಾಗ ಕಬ್ಬಿಣದ ಸಳಿ ಚುಚ್ಚಿ ನೋಡಾಕತ್ತಾರ. ಉಣ್ಣೋ ಕಾಳಿನಾಗ ಪಾಲು ಒಯ್ತಾರ, ಒಯ್ಲಿ. ಬಿತ್ತೋ ಬೀಜಾನೂ ಬಿಡವಲ್ರು. ಕೆಳಗಿನ ಓಣಿ ಹನ್ನೆರಡು ಮನ್ಯವರು ಹಿಂಗಾರಿ ಜೋಳದ ಬೀಜ ನನ್ನ ಹಂತ್ಯಾಕ ತಂದು ಇಟ್ಟಾರ. ಬೂದಿ, ಬೇವಿನ ತಪ್ಪಲ ಹಾಕಿ ಆರು ಸಣ್ಣ ಚೀಲ ಮಾಡಿ ನಿಮ್ಮಪ್ಪನ ಪಿಯಾನೋದ ಕೆಳಗಿನ ಹಲಗಿ ಹಿಂದ ಇಟ್ಟೀನಿ. ಹಸ್ತಾ ಮಳಿಗಿ ಬಿತ್ತೋ ತನಕ ಅಲ್ಲೇ ಇರಬೇಕು. ಸಿಕ್ರ ನಾ ಜೇಲಿಗಿ ಹೋಗೋದು ಇರ್ಲಿ, ಹನ್ನೆರಡು ಮನಿ ಹೊಲ ಬೀಳು ಬೀಳ್ತಾವ.

ಆ ಹಲಗಿ ಬಿಚ್ಚಾವ ಈ ಸೀಮಿಗೆಲ್ಲ ಒಬ್ಬನೇ, ವಾಡಿ ಭೀಮಶಾ. ಅವ ಸೇಡಂ ಗಿರದಾವರ ಅಮೀರ್ ಅಲಿ ಸಾಹೇಬ್ರ ಹಾರ್ಮೋನಿಯಂ ರಿಪೇರಿ ಮಾಡ್ತಾನ, ಅವ್ರ ಮನಿ ಚಾ ಕುಡೀತಾನ. ಲೆವ್ಹಿ ವಸೂಲಿ ಮಾಡೋ ಸಾಹೇಬ್ರು ಅವ್ರೇ. ಭೀಮಶಾನ ನಗಿ ನೋಡಿ ಮೋಸ ಹೋಗಬಾರ್ದು, ಟೇಸನ್ನಿನ ಗಂಟಿ ಇದ್ದಾಂಗ ಅವ್ನ ಬಾಯಿ. ಬರಬ್ಯಾಡ ಅಂತ ಬರದೀನಿ. ನಿನ್ನ ಹಂತ್ಯಾಕ ಬಂದು ಕೇಳಿದ್ರ ನಿನಗೇನೂ ಗೊತ್ತಿಲ್ಲ.

ನಿನ್ನ ಅವ್ವ


ವಾಡಿ, ೨೫ ಮಾರ್ಚ್ ೧೯೪೫

ಮಹಾದೇವಮ್ಮ ಬಾಯಾರಿಗಿ ಶರಣು.

ಇವತ್ತ ನಾ ನಿಮ್ಮ ಮನ್ಯಾಗ ಇರಬೇಕಾಗಿತ್ತು. ಅದರ ಬದಲಿ ಹಣಮಮ್ಮನ ಎದುರು ಕುಂತೀನಿ. "ಹನ್ನೊಂದು ವರ್ಷದಾಗ ಒಮ್ಮಿನೂ ಬ್ಯಾಡ ಅನ್ನಲಾರದ ಮನಿ ಈಗ ಯಾಕ ಬ್ಯಾಡ ಅಂತದ" ಅಂತ ಕೇಳಿದ್ಳು. "ನಿನ್ನ ಮಾರಿ ಬ್ಯಾಸರಾಗಿರಬೇಕು" ಅಂತ ಜವಾಬೂ ತಾನೇ ಕೊಟ್ಳು.

ಬಾಯಾರೆ, ನಾ ಮೂರನೇತ್ತೆ ತನಕ ಕಲ್ತಾವ. ಸನ್ನತಿಯಾಗ ನಮ್ಮಪ್ಪ ಭೀಮಾ ಹೊಳಿಯಾಗ ಹರಗೋಲು ಹಾಕಾವ. ನೀರು ಎಲ್ಲಿ ಆಳ ಅದ ಅಂತ ಹುಟ್ಟು ಹಾಕಿ ತಿಳಕೋತಿದ್ದ. ನನಗ ಅಷ್ಟರ ಬುದ್ಧಿ ಅದ. ಹೋದ ವಾರ ಚಿತ್ತಾಪುರ ಟೇಸನ್ನಿನಾಗ ಖಾಜಾ ಕಂಡ. ನನ್ನ ಕೈಯಾಗೇ ಕಲ್ತು ಸಿಕಂದರಾಬಾದಿಗಿ ಓಡಿ ಹೋದಾವ. ಬಗಲಾಗ ಒಂದು ಚೀಲ, ಚೀಲದಾಗ ಬಿಗಿಯೋ ಪಾನಾ ಟಣಟಣ ಅನ್ನಾಕತ್ತಿತ್ತು. ನನ್ನ ನೋಡಿ ರೈಲು ಡಬ್ಬಿಯಾಗ ಹೊಕ್ಕ. ಗಾಡಿ ಕುರಕುಂಟಾ ಕಡೀಗೇ ಹೋಗೋದು.

ಅವ ನಿಮ್ಮಲ್ಲಿ ಬಂದಿದ್ರ ನನಗ ಸಿಟ್ಟಿಲ್ಲ. ಸುಳ್ಳ ಹೇಳಿದೆ, ಭಾಳ ಸಿಟ್ಟದ. ಅವ್ನ ಕೈ ಬಿದ್ದದೋ ಇಲ್ಲೋ ತಿಳೀತದ, ಮೂರು ಮಾತು ನೋಡಿ ಬರೀರಿ. ಕಾಲಿಲೆ ಒತ್ತೋ ಪೆಡಲು ಪೂರಾ ಕೆಳಗ ಹೋಗ್ತದೇನು? ಕೆಳಗಿನ ಹಲಗಿ ಅಂಚಿಗಿ ಬೆಳ್ಳ ಬೆಳ್ಳಗ ಪುಡಿ ಬಿದ್ದದೇನು? ಹಲಗಿ ಹಿಂದ ಕೈ ಹಾಕಿದ್ರ ಹೊಸಾದು ಏನಾರ ಹತ್ತತದೇನು?

ಭೀಮಶಾ


ಕುರಕುಂಟಾ, ೩ ಏಪ್ರಿಲ್ ೧೯೪೫

ಭೀಮಶಾ,

ನಿನ್ನ ಕಾಗದ ಎರಡು ಸಲ ಓದೀನಿ. ಪೆಡಲು ಯಾಕ, ಪುಡಿ ಯಾಕ, ಹಲಗಿ ಹಿಂದ ಕೈ ಹಾಕೋದು ಯಾಕ. ಇಷ್ಟು ಕೇಳಂತ ನಿನಗ ಯಾರು ಹೇಳ್ಯಾರ? ಲಕೋಟಿ ಗೋಂದು ಎರಡು ಸಲ ಹಚ್ಚಿದಾಂಗ ಇತ್ತು. ನೀ ಹಚ್ಚಿದ್ದೋ, ಸೇಡಂದಾಗ ಯಾರಾರ ಬಿಚ್ಚಿ ಹಚ್ಚಿದ್ದೋ, ನಿನಗೇ ಗೊತ್ತು.

ನೀ ಯಾರ ಮನಿ ಚಾ ಕುಡೀತಿ ಅನ್ನೋದು ನನಗ ಗೊತ್ತದ. ಕುಡಿ. ನನ್ನ ಮನಿ ಹಲಗಿ ಸುದ್ದಿ ಬಿಡು.

ಮಹಾದೇವಮ್ಮ


ವಾಡಿ, ೨೦ ಏಪ್ರಿಲ್ ೧೯೪೫

ಬಾಯಾರಿಗಿ ಶರಣು.

ಗೋಂದು ನಾನೇ ಎರಡು ಸಲ ಹಚ್ಚಿದ್ದು. ಮೊದಲ ಹಚ್ಚಿದಾಗ ಕಾಗದ ಒಳಗ ಹಾಕೋದು ಮರತಿದ್ದೆ.

ಯುಗಾದಿ ಆದ ಮ್ಯಾಲ ಸೇಡಂಗ ಹೋಗಿದ್ದೆ. ನೀಲಾಬಾಯಾರ ಮನಿ ಮುಂದ ಹಾಯೋವಾಗ ಕಾಲು ತಡೀಲಿಲ್ಲ, ಹೋಗಿ ಕುಂತೆ. ನಾ ಪಿಯಾನೋ ಅಂದೆ, ಅವ್ರು ಮಜ್ಜಿಗಿ ಅಂದ್ರು. ನಾ ಪೆಡಲು ಅಂದೆ, ಅವ್ರು ಇನ್ನೊಂದು ಮಜ್ಜಿಗಿ ಅಂದ್ರು. ಮೂರು ಲೋಟ ಕುಡದೆ. ಅವ್ರ ಸಣ್ಣ ಮಗಳು ಮಾತ್ರ, "ಕುರಕುಂಟಾ ಅಮ್ಮನ ಪೇಟಿ ಕಾಲು ಕಲ್ಲಾಗ್ಯದ, ನಾ ಒತ್ತಿದ್ರ ಅಮ್ಮ ಬೈದ್ಳು" ಅಂತು. ನೀಲಾಬಾಯಾರು ಕೂಸಿನ ಬಾಯಿಗಿ ಬೆಲ್ಲ ಹಾಕಿ ಒಳಗ ಒಯ್ದ್ರು.

ಅಂದ್ರ ಪೆಡಲು ಹೋಗಾಂಗಿಲ್ಲ. ಒಳಗಿನ ಕೋಲು ಖಾಜಾ ತಪ್ಪು ಹಚ್ಯಾನ. ಇಷ್ಟೇ ತಿಳಕೊಬೇಕಾಗಿತ್ತು ನನಗ. ಇನ್ನ ಬರ್ಯಾಂಗಿಲ್ಲ.

ಭೀಮಶಾ


ಕುರಕುಂಟಾ, ೧೦ ಜೂನ್ ೧೯೪೫

ಭೀಮಶಾ,

ಒಂದು ಕೇಳೋದದ. ಪಿಯಾನೋದಾಗ ಇಲಿ ಹೊಕ್ಕಾವ. ತಂತಿ ಬಡಿಯೋ ಸಣ್ಣ ಕೊಡತಿಗೋಳಿಗಿ ಹಚ್ಚಿದ ಕುರಿ ತುಪ್ಪಳದ ನಮದಾ ಕಡದು ಗೂಡು ಕಟ್ಟ್ಯಾವ. ಇಲಿ ಓಡಸಾಕ ಏನು ಇಡಬೇಕು? ಕಾಗದದಾಗ ಬರಿ. ಬರಬ್ಯಾಡ.

ಮಹಾದೇವಮ್ಮ


ವಾಡಿ, ೧೭ ಜೂನ್ ೧೯೪೫

ಬಾಯಾರಿಗಿ ಶರಣು.

ಎರಡು ತಿಂಗಳು ನಿಮ್ಮ ಕಾಗದದ ಹಾದಿ ನೋಡ್ದೆ. ಬಂತು, ಇಲಿ ಸಂಗಾಟ ಬಂತು. ಇಲಿಗಿ ಶರಣು.

ಕರ್ಪೂರ ಬಟ್ಟ್ಯಾಗ ಕಟ್ಟಿ ನಾಕೂ ಮೂಲಿಗಿ ಇಡ್ರಿ. ತಂತಿಗಿ ತಾಗಬಾರ್ದು. ಇಲಿ ಉಚ್ಚಿ ಬಿದ್ದ ತಂತಿ ಒಣಾ ಅರವಿಲೆ ಒರಸ್ರಿ, ಎಣ್ಣಿ ಹಚ್ಚಬ್ಯಾಡ್ರಿ, ನೀರಂತೂ ಬ್ಯಾಡೇ ಬ್ಯಾಡ. ಕಡದ ನಮದಾ ಒಗೀಬ್ಯಾಡ್ರಿ, ಅಳತಿಗಿ ಬೇಕಾಗ್ತದ.

ಈಗ ನಾ ಕೇಳ್ತೀನಿ. ಇಲಿ ನಮದಾ ತಿನ್ನಾಂಗಿಲ್ಲ, ಹಾಸಿಗಿ ಮಾಡ್ತದ. ಹಾಸಿಗಿ ಎಲ್ಲಿ ಮಾಡ್ತದ? ಊಟದ ಹಂತ್ಯಾಕ. ಪಿಯಾನೋದಾಗ ಇಲಿಗಿ ಊಟ ಎಲ್ಲಿಂದ ಬಂತು? ಮೂರು ದಿನ ಇದೇ ವಿಚಾರ. ನಿನ್ನಿ ಊಟಕ್ಕ ಕುಂತಾಗ ಗೊತ್ತಾತು, ಕೈಯಾಗಿನ ರೊಟ್ಟಿ ಅಲ್ಲೇ ಬಿಟ್ಟೆ. ನಮದಾ ಹಚ್ಚಾಕ ಸರೇಸು, ಅಂದ್ರ ಚರ್ಮದ ಅಂಟು, ಕಾಸಬೇಕು, ಅದು ವಾಸನಿ, ಮೈಗಳ್ಳರಿಗಿ ಆಗಾಂಗಿಲ್ಲ. ಖಾಜಾ ಮೊದಲಿಂದ ಮೈಗಳ್ಳ. ಅವ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿ ಹಚ್ಯಾನ. ನಾನೇ ಒಮ್ಮಿ ಅದಕ್ಕ ಅವ್ನ ಕಪಾಳಕ್ಕ ಹೊಡದಿದ್ದೆ. ಇಲಿ ಬಂದಿದ್ದು ಜೋಳದ ವಾಸನಿಗಿ. ಹೌದೋ ಅಲ್ಲೋ ಹೇಳ್ರಿ.

ಭೀಮಶಾ


ಕುರಕುಂಟಾ, ೨೫ ಜೂನ್ ೧೯೪೫

ಭೀಮಶಾ,

ಹೌದು. ಖಾಜಾ ಬಂದಿದ್ದ. ಫಾಲ್ಗುಣದಾಗ ಬಂದು ನಮದಾ ಹಚ್ಚಿ ಹೋದ. ಜೋಳದ ಹಿಟ್ಟಿನ ಅಂಟೇ ಹಚ್ಚಿದ. ನೀ ಬರಬ್ಯಾಡ ಅಂದಿದ್ದು ಅದಕ್ಕೇ. ಈಗ ತಿಳೀತಲ್ಲ. ಇನ್ನ ಈ ಮಾತು ಇಲ್ಲಿಗಿ ಬಿಡು.

ಮಹಾದೇವಮ್ಮ


ವಾಡಿ, ೮ ಜುಲೈ ೧೯೪೫

ಬಾಯಾರಿಗಿ ಶರಣು.

ಖರೆ ಹೇಳಿದ್ದಕ್ಕ ಉಪಕಾರ. ಎರಡು ದಿನ ಉಣಲಿಲ್ಲ. ಮೂರನೇ ದಿನ ಹಣಮಮ್ಮ ಪುಂಡಿಪಲ್ಯಾ ಮಾಡಿದ್ಳು, ಸೋತೆ.

ನನಗ ಒಂದೇ ಹಟ ಉಳದದ. ಆ ಖಾಜಾ ಸಹಿ ಮಾಡ್ಯಾನೋ ಇಲ್ಲೋ. ನನ್ನ ಇಪ್ಪತ್ತೊಂದು ಸಹಿ ಕೆಳಗ ಅವ್ನ ಹೆಸರು ಇದ್ರ ಧಂದೇದ ಪಂಚಾಯತಿಯಾಗ ಹಿಟ್ಟಿನ ಅಂಟು ಸಾಬೀತ ಆಗ್ತದ, ಸಿಕಂದರಾಬಾದಿನಾಗ ಅವಂಗ ಯಾರೂ ಪಾನಾ ಕೊಡಾಂಗಿಲ್ಲ. ನೀವಂತೂ ನನ್ನ ಹೊಸ್ತಿಲ ದಾಟಾಕ ಬಿಡಾಂಗಿಲ್ಲ. ಅದಕ್ಕ ಒಂದು ಹಾದಿ ಮಾಡೀನಿ.

ಮೊನ್ನಿ ಸೇಡಂದಾಗ ಗಿರದಾವರ ಅಮೀರ್ ಅಲಿ ಸಾಹೇಬ್ರ ಹಾರ್ಮೋನಿಯಂ ತರ್ಲಿಕ್ಕಿ ಹೋಗಿದ್ದೆ. ಗಾಳಿ ಊದೋ ಭಾತಾ ಹರದಿತ್ತು. ಅವ್ರು ಹಾಡಾಕ ಕುಂತ್ರ ಕಚೇರಿ ಎತ್ತು ಹಗ್ಗ ಹರಕೋತಾವ, ಆದ್ರ ಕಿವಿ ಭಾಳ ಸೂಕ್ಷ್ಮ. ಲೆವ್ಹಿ ಕೆಲಸಕ್ಕ ೧೮ಕ್ಕ ಕುರಕುಂಟಾಕ್ಕ ಹೊಂಟೀನಿ ಅಂದ್ರು. ನಾ ಕೈ ಮುಗದು, "ಸಾಬ್, ಮಹಾದೇವಮ್ಮ ಬಾಯಾರ ಮನಿಗಿ ಹೋಗ್ರಿ. ಪಿಯಾನೋದ ಕೆಳಗ ತಗಡಿನ ಸ್ಪ್ರಿಂಗ ಅದ, ಮ್ಯಾಲ ಒತ್ತಿದ್ರ ಹಲಗಿ ಕೈಗಿ ಬರ್ತದ. ಅದರ ಒಳಮೈಗಿ ಖಾಜಾನ ಸಹಿ ಅದೇನು ನೋಡಿ ಬರ್ರಿ" ಅಂದೆ. "ಇಷ್ಟೇನಾ" ಅಂದ್ರು. ಡೈರಿಯಾಗ ಬರಕೊಂಡ್ರು.

ಸಾಹೇಬ್ರು ಬಂದಾಗ ಒಂದು ಕಪ್ಪು ಚಾ ಕೊಟ್ಟು ಹಲಗಿ ತೋರಸ್ರಿ. ಮತ್ತೇನೂ ಬೇಡಾಂಗಿಲ್ಲ ನಾ.

ಭೀಮಶಾ


ಕುರಕುಂಟಾ, ೨೦ ಜುಲೈ ೧೯೪೫

ಭೀಮಶಾ,

ನಿನ್ನ ಕಾಗದ ೧೨ಕ್ಕ ಮುಟ್ಟಿತು. ಸಾಹೇಬ್ರು ೧೮ಕ್ಕ ಬಂದ್ರು. ನಡುವ ಐದು ದಿನ ಇದ್ವು.

ಹಗೇವು ನೋಡಿದ್ರು, ಅಟ್ಟ ನೋಡಿದ್ರು, ದನದ ಕೊಟಗಿ ನೋಡಿದ್ರು. ಆಮ್ಯಾಲ ಪಡಸಾಲ್ಯಾಗ ಕುಂತು, "ಬಾಯಿ, ಭೀಮಶಾ ಒಂದು ಕೆಲಸ ಹೇಳ್ಯಾನ" ಅಂದು ತಾವೇ ಬಗ್ಗಿ ಸ್ಪ್ರಿಂಗ ಒತ್ತಿದ್ರು. ಹಲಗಿ ಬಂತು. ನಿನ್ನ ಇಪ್ಪತ್ತೊಂದು ಸಹಿ ಇದ್ವು, ಇಲಿ ಗೂಡಿತ್ತು. ಮತ್ತೇನೂ ಇರಲಿಲ್ಲ. ಗೂಡಿನಾಗ ಕೈಬಟ್ಟು ಹಾಕಿ ಏನೋ ತಗದು ರುಮಾಲಿನಾಗ ಕಟಗೊಂಡ್ರು. ಚಾ ಕುಡೀಲಿಲ್ಲ.

ನಾ ನಿನ್ನ ನಂಬಲಾರದ್ದಕ್ಕ ಇವತ್ತ ಮನ್ಯಾಗ ಕುಂತು ಇದು ಬರ್ಯಾಕತ್ತೀನಿ. ನಂಬಿದ್ರ ಎಲ್ಲಿ ಇರ್ತಿದ್ದೆ ಅಂತ ನಿನಗ ಗೊತ್ತದ. ಇನ್ನ ಈ ಮನಿಗಿ ಕಾಗದ ಹಾಕಬ್ಯಾಡ.

ಮಹಾದೇವಮ್ಮ


ವಾಡಿ, ೨೯ ಜುಲೈ ೧೯೪೫
(ಹಣಮಮ್ಮನ ಕೈಯಾಗ)

ಬಾಯಾರೆ,

ಟಪಾಲಿನಾಗ ಹಾಕಿಲ್ಲ. ಹಣಮಮ್ಮನ್ನೇ ಕಳಿಸೀನಿ. ಆಕಿ ಎದುರೇ ಓದಿ, ಆಕಿ ಎದುರೇ ಸುಡ್ರಿ. ಇದರಾಗ ಚ್ಯಾಷ್ಟಿ ಇಲ್ಲ, ಇದ್ರೂ ಕೈ ತಪ್ಪಿ ಬಿದ್ದಿರ್ತದ.

೨೪ಕ್ಕ ಚಿತ್ತಾಪುರದಾಗ ಖಾಜಾ ಸಿಕ್ಕ. ಪ್ಲ್ಯಾಟಫಾರ್ಮಿನ ಮ್ಯಾಲೇ ಕಾಲರ ಹಿಡದು, "ಕುರಕುಂಟಾದಾಗ ಹಿಟ್ಟು ಹಚ್ಚಿ ಬಂದಿಯೇನೋ" ಅಂದೆ. ಅವ ಕಣ್ಣು ಕಣ್ಣು ಬಿಟ್ಟ. "ಉಸ್ತಾದ್, ನಾ ಪ್ಯಾನೋ ಬಿಟ್ಟು ಎರಡು ವರ್ಷ ಆತು. ಸೈಕಲ್ ದುಕಾನ ಅದ. ಕುರಕುಂಟಾ ಎಲ್ಲದ ಅಂತನೂ ಗೊತ್ತಿಲ್ಲ" ಅಂದ. ಚೀಲ ಬಿಚ್ಚಿ ತೋರಿಸ್ದ, ಸೈಕಲ್ ಪಾನಾ. ನನಗ ಹತ್ತು ರೂಪಾಯಿ ಕೊಡೋದಿತ್ತಂತ, ಅದಕ್ಕ ಡಬ್ಬಿಯಾಗ ಹೊಕ್ಕಿದ್ದ. ಹಂಗಾದ್ರ ನೀವು ನನಗ ಯಾಕ ಸುಳ್ಳ ಬರದ್ರಿ? ಗಾಡಿ ಹೋತು, ನಾ ಅಲ್ಲೇ ನಿಂತೆ.

೨೬ಕ್ಕ ಸೇಡಂಗ ಹೋದೆ, ಹಾರ್ಮೋನಿಯಂ ಮುಟ್ಟಸಾಕ. ಸಾಹೇಬ್ರು ಬಾಗಲಾ ಹಾಕಿ ರುಮಾಲು ಬಿಚ್ಚಿದ್ರು. "ಭೀಮಶಾ, ನಿನ್ನ ಖಾಜಾನ ಸಹಿ ಇರಲಿಲ್ಲ. ಇದಿತ್ತು" ಅಂದ್ರು. ಏಳು ಜೋಳದ ಕಾಳು. ಬೂದಿ ಹತ್ತಿತ್ತು, ಬೇವಿನ ಎಲಿ ಚೂರಿತ್ತು. ನಾ ಹೊಳಿ ದಂಡಿ ಮನಿಶ್ಯಾ, ಬೂದಿ ಹಚ್ಚಿದ ಕಾಳು ಏನಂತ ಗೊತ್ತಿಲ್ಲೇನು? ಬೀಜ. ಅವಾಗ ಪೆಡಲು, ಇಲಿ, ನೀವು ಹಲಗಿ ಸುದ್ದಿ ಬಿಡು ಅಂದಿದ್ದು, ಎಲ್ಲಾ ರೈಲು ಡಬ್ಬಿಗತೆ ಒಂದರ ಹಿಂದ ಒಂದು ಬಂದು ನನ್ನ ಎದಿಗಿ ಹಾದ್ವು. ಸಾಹೇಬ್ರನ್ನ ಆ ಹಲಗಿ ಮುಂದ ಕುಂದ್ರಿಸಿದಾವ ನಾನೇ.

"ಏನಿದು" ಅಂದ್ರು.

"ದವಾ ಸಾಬ್" ಅಂದೆ. ಬಾಯಿ ತಾನೇ ಅಂತು. "ಬ್ಯಾಸಿಗ್ಯಾಗ ಪಿಯಾನೋದಾಗ ನೀರಿನ ಗಡಗಿ ಇಡ್ತೀವಿ, ಕಟ್ಟಿಗಿ ಒಡೀಬಾರ್ದಂತ. ಮಳಿಗಾಲದಾಗ ಬೂದಿ ಹಾಕಿದ ಒಣಾ ಜೋಳ ಇಡ್ತೀವಿ, ಹಸಿ ಹೀರ್ಲಿ ಅಂತ."

"ನಾ ನೋಡಿದಾಗ ಯಾಕ ಇರಲಿಲ್ಲ?"

"ಬಾಯಾರು ನನ್ನ ಮ್ಯಾಲ ಸಿಟ್ಟಾಗ್ಯಾರ ಸಾಬ್. ಡಾಕ್ಟರ ಮ್ಯಾಲ ಸಿಟ್ಟಾದವರು ಮೊದಲ ದವಾ ಒಗೀತಾರ."

"ಎಷ್ಟು ಇಡ್ತಿ?"

"ಎಷ್ಟು ಹಿಡೀತದೋ ಅಷ್ಟು."

"ಬರದು ಸಹಿ ಮಾಡಿ ಕೊಡ್ತೀಯೇನು?" ಅಂದ್ರು. ಕೊಟ್ಟೆ. ದಫ್ತರದಾಗ ಇಟ್ಕೊಂಡ್ರು. ಎದ್ದು ಬರೋ ಮುಂದ, "ನನ್ನ ಹಾರ್ಮೋನಿಯಂಕ್ಕೂ ಒಂದು ಪಾವು ಬೇಕೇನು" ಅಂತ ಕೇಳಿದ್ರು. ನಗಲಿಲ್ಲ. ಅವರಿಗಿ ತಿಳದದೋ, ತಿಳದಿಲ್ಲೋ, ನನಗ ಇವತ್ತಿನ ತನಕ ಗೊತ್ತಾಗಿಲ್ಲ.

ನಿಮ್ಮ ಹೆಸರಿಗಿ ಒಂದು ಚೀಟಿ ಇವತ್ತೇ ಟಪಾಲಿಗಿ ಹಾಕೀನಿ. ಯಾರು ಬೇಕಾದವರು ಬಿಚ್ಚಿ ಓದ್ಲಿ. ಇನ್ನ ನಿಮ್ಮ ಬೀಜ ಪಿಯಾನೋದಾಗ ಇದ್ರ ಅದು ಕದ್ದು ಇಟ್ಟಿದ್ದಲ್ಲ, ನಾ ಹೇಳಿದ ಇಲಾಜು. ಸುಳ್ಳ ಅಂತ ಸಾಬೀತ ಆದ್ರ ಮೊದಲ ಒಯ್ಯೋದು ನನ್ನ. ನಾ ಮಾಡಿದ್ದಕ್ಕ ಅಷ್ಟಾರ ಆಗ್ಲಿ.

ಭೀಮಶಾ


ವಾಡಿ, ೨೯ ಜುಲೈ ೧೯೪೫
(ಟಪಾಲಿನಾಗ)

ಕುರಕುಂಟಾ ಮಹಾದೇವಮ್ಮ, ದಿವಂಗತ ಕಲ್ಯಾಣಪ್ಪ ಸಾಹುಕಾರರ ಪತ್ನಿ, ಇವರಿಗೆ ತಿಳಿಸೋದು.

ತಮ್ಮ ಪಿಯಾನೋ ಹಸಿ ಹಿಡದು ಬ್ಯಾನಿ ಬಿದ್ದದ. ಮಳಿಗಾಲ ಮುಗಿಯೋ ತನಕ ಕೆಳಗಿನ ಹಲಗಿ ಹಿಂದ ಬೂದಿ, ಬೇವಿನ ತಪ್ಪಲ ಕೂಡಿಸಿದ ಒಣಾ ಜೋಳದ ಚೀಲ ಹಿಡಿಸೋವಷ್ಟು ಇಡತಕ್ಕದ್ದು. ಹಸ್ತಾ ಮಳಿ ಬೀಳೂ ಮೊದಲ ತಗೀತಕ್ಕದ್ದಲ್ಲ. ತಗದ್ರ ತಂತಿ ಜಂಗು ಹಿಡದು ಹರದ್ರ ನಾ ಜವಾಬದಾರ ಅಲ್ಲ. ಇದನ್ನ ಪಿಯಾನೋ ಮ್ಯಾಲೇ ಇಟಗೊಬೇಕು.

ಸಹಿ: ಭೀಮಶಾ, ಪಿಯಾನೋ ಟ್ಯೂನರ್, ವಾಡಿ ಜಂಕ್ಷನ್


ಕುರಕುಂಟಾ, ೩ ಆಗಸ್ಟ್ ೧೯೪೫
(ಹಣಮಮ್ಮನ ಕೈಯಾಗ)

ಭೀಮಶಾ,

ನಿನ್ನ ಹೆಂಡತಿ ಎರಡು ದಿನ ಇದ್ಳು. ಸುಟ್ಟಿದ್ದು ನೋಡಿದ್ಳು. ನಿನ್ನ ಬಗ್ಗಿ ಛಲೋ ಮಾತಾಡಾಕ ಕಳಿಸಿದಿ ಅಂತ ತಿಳಕೊಂಡಿದ್ದೆ. ಎರಡು ದಿನ ಕುಂತು ನಿನ್ನ ಬೈದ್ಳು. ಅದನ್ನ ಕೇಳಿ ಚೂರು ನಂಬಿಗಿ ಬಂತು.

ಆದ್ರೂ ಕೇಳ್ತೀನಿ. ಹಿಡಸಾಕ ಬಂದಾವ ಹಿಡಸಾಕ ಆಗಲಾರದ್ದಕ್ಕ, ಅದೇ ಜಾಗಾದಾಗ ತಿರುಗಿ ಇಡ್ರಿ ಅಂತ ಹೇಳಿದ್ರ ಅದು ಉಪಕಾರೋ, ಇನ್ನೊಂದು ಬಲಿಯೋ? ನಾ ಹೆಂಗ ತಿಳೀಲಿ?

ಆದ್ರ ತಡ್ಯಾಕ ಆಗಾಂಗಿಲ್ಲ. ಆ ಐದು ದಿನದಾಗ ಚೀಲ ಮನಿ ಮನಿಗಿ ಹಂಚಿದ್ದೆ. ರತ್ನಾಬಾಯಿ ಗ್ವಾಡ್ಯಾಗ ಹುಗದಿದ್ಳು, ಗ್ವಾಡಿ ಸೋರಿ ಬೀಜ ಮೊಳಕಿ ಬಂತು. ಮೊಳಕಿ ಬಂದಿದ್ದು ಕೈಯಾಗ ಹಿಡಕೊಂಡು ನನ್ನ ಮುಂದ ಕುಂತ್ಳು. ಇನ್ನ ಐದು ಉಳದಾವ. ಊರಾಗ ಸೋರಲಾರದ ಜಾಗಾ ನಿನ್ನ ಆ ಪೇಟಿ ಒಂದೇ.

ಒಂದು ಚೀಲ ಇಡ್ತೀನಿ. ಹದಿನೈದು ದಿನ ನೋಡ್ತೀನಿ. ಯಾರಾರ ಬಂದ್ರ ನೀನೇ ಕಳಿಸಿದಾಂಗ.

ಮಹಾದೇವಮ್ಮ


ವಾಡಿ, ೧೯ ಆಗಸ್ಟ್ ೧೯೪೫

ಬಾಯಾರಿಗಿ ಶರಣು.

ಲಡಾಯಿ ಮುಗೀತಂತ. ರೈಲ್ವೆ ಸಾಹೇಬ್ರು ಖುಷಿಗಿ ಪಿಯಾನೋ ಮ್ಯಾಲ ಹತ್ತಿ ಕುಣದು ಮೂರು ತಂತಿ ಹರದಾರ. ಜಪಾನಿನವರು ಒಂದೂ ಹರದಿರಲಿಲ್ಲ.

ರೋಗಿ ಹೆಂಗದ? ಒಂದು ಗುಳಿಗಿಗಿ ಆರಾಮ ಬೀಳಾಂಗಿಲ್ಲ. ಹದಿನೈದು ದಿನ ಎಣಿಸೀನಿ, ನಿನ್ನಿಗಿ ಮುಗದ್ವು. ಬಾಗಲಾಗ ಯಾರಾರ ಕೆಮ್ಮಿದ್ರ ಜೇಲಿಗಿ ಒಯ್ಯಾಕ ಬಂದಾರ ಅಂತ ಹಣಮಮ್ಮ ನನ್ನ ಧೋತರಾ ಒಗದು ಇಡ್ತಾಳ. ಪೂರಾ ದವಾ ಕೊಡ್ರಿ. ಕೊಡಲಿಲ್ಲ ಅಂದ್ರೂ ಒಂದು ಸಾಲು ಬರೀರಿ.

ಭೀಮಶಾ


ಕುರಕುಂಟಾ, ೨೪ ಅಕ್ಟೋಬರ್ ೧೯೪೫

ಭೀಮಶಾ ಅವರಿಗಿ ಮಹಾದೇವಮ್ಮನ ಶರಣು.

ಎರಡು ತಿಂಗಳು ಬರೀಲಿಲ್ಲ. ಬರೀಬಾರ್ದಾಗಿತ್ತು. ಈಗ ಬರೀಬಹುದು.

ಹದಿನಾರನೇ ದಿನಕ್ಕ ಐದೂ ಇಟ್ಟೆ. ಸೆಪ್ಟೆಂಬರ ೫ಕ್ಕ ಸಾಹೇಬ್ರು ಮತ್ತ ಬಂದ್ರು, ಒಬ್ಬರೇ. ನಿಮ್ಮನ್ನ ಮನಸ್ಸಿನಾಗ ಏನೇನು ಬೈದೆ ಅಂತ ಇಲ್ಲಿ ಬರ್ಯಾಂಗಿಲ್ಲ. ಪಿಯಾನೋ ಮ್ಯಾಲಿನ ಚೀಟಿ ನಿಂತೇ ಓದಿದ್ರು. ಕುಂತ್ರು. ಒಂದು ಪಟ್ಟಿ ಒತ್ತಿ ಕಿವಿ ಕೊಟ್ಟು ಕೇಳಿದ್ರು. ಆಮ್ಯಾಲ ಪೆಡಲಿನ ಮ್ಯಾಲ ಕಾಲಿಟ್ರು. ಹೋಗಲಿಲ್ಲ. ಇನ್ನೊಮ್ಮಿ ಒತ್ತಿದ್ರು. ನಾ ಕಂಬ ಹಿಡಕೊಂಡು ನಿಂತಿದ್ದೆ. ಅವ್ರು ಬಗ್ಗಲಿಲ್ಲ. "ಬಾಯಿ, ದವಾ ಜರಾ ಜ್ಯಾದಾ ಆಗ್ಯದ" ಅಂದ್ರು. ಈ ಸಲ ಚಾ ಕುಡದ್ರು, ಹೋದ್ರು. ಮತ್ತ ಬಂದಿಲ್ಲ. ಆ ಏಳು ಕಾಳು ಅವ್ರು ನಿಮಗ ಯಾಕ ತೋರಿಸಿದ್ರು, ದೊಡ್ಡ ಸಾಹೇಬನಿಗಿ ಯಾಕ ತೋರಿಸಲಿಲ್ಲ, ಅನ್ನೋದು ನನಗ ಇನ್ನೂ ತಿಳದಿಲ್ಲ. ಅವ್ರ ಮ್ಯಾಲ ನನ್ನ ಸಂಶಯ ಹೋಗಿಲ್ಲ. ನಿಮ್ಮ ಮ್ಯಾಲಿಂದು ಹೋಗ್ಯದ.

ಹಸ್ತಾ ಛಲೋ ಬಿತ್ತು. ಐದು ಚೀಲ ಹನ್ನೆರಡು ಮನಿಗಿ ಹಂಚಿದೆವು. ರತ್ನಾಬಾಯಿದು ಹೋಗಿತ್ತಂತ ಆಕಿ ಪಾಲು ಮೊದಲ ತಗದೆವು. ಬಿತ್ತಿ ಮುಗೀತು. ಈಗ ಪೀಕು ನಾಕು ಬಟ್ಟು ಎದ್ದದ.

ಪಿಯಾನೋ ಖಾಲಿ ಆತು, ಪೆಡಲು ಕೆಳಗ ಹೋಗಾಕತ್ತದ. ಬ್ಯಾರೆ ಎಲ್ಲಾ ಕೆಟ್ಟದ. ಮ್ಯಾಲಿನ ಕಡಿ ಪಟ್ಟಿ ಒತ್ತಿದ್ರ ಕಟ್ಟಿಗಿ ಸಪ್ಪಳಷ್ಟೇ ಬರ್ತದ, ಇಲಿ ಅಷ್ಟೂ ನಮದಾ ಒಯ್ದಾವ. ಕಡದಿದ್ದು ಅಳತಿಗಿ ತಗದು ಇಟ್ಟೀನಿ.

ಇನ್ನೊಂದು ಮಾತು. ಹಲಗಿ ತಗದಾಗ ನಿಮಗ ಕಾಣ್ತದ, ಮೊದಲೇ ಹೇಳ್ತೀನಿ. ನಿಮ್ಮ ಇಪ್ಪತ್ತೊಂದು ಸಹಿ ಕೆಳಗ, ನೀವು ಬರಲಾರದ ಬ್ಯಾಸಿಗಿ ಜಾಗಾದಾಗ, ಹನ್ನೆರಡು ಮನ್ಯವರು ಹೆಬ್ಬೆಟ್ಟು ಒತ್ಯಾರ. ಸಹಿ ಮಾಡಲಾರದವರು ಆ ಹಲಗಿ ಮುಟ್ಟಬಾರ್ದಂತ ರಿವಾಜು ಅದ ಅಂತ ನಾನೇ ಹೇಳಿದ್ದೆ. ಮಸಿ ಇರಲಿಲ್ಲ. ಚೀಲದಾಗ ಉಳದ ಬೂದಿ ಎಣ್ಯಾಗ ಕಲಸಿ ಒತ್ಯಾರ. ಕೈಲೆ ಒರಸಬ್ಯಾಡ್ರಿ. ನಿಮ್ಮದು ಅದರ ಕೆಳಗ ಹಾಕ್ರಿ.

ನಮದಾ ತರ್ರಿ, ಸರೇಸು ತರ್ರಿ. ಹೊಸಾ ಗಡಗಿ ನಾನೇ ತರಿಸೀನಿ. ರವಿವಾರ ಪ್ಯಾಸೆಂಜರಿಗಿ ಬರ್ರಿ.

ಮಹಾದೇವಮ್ಮ